ಸೀಸೆಯೊಳಗಿನ ನದಿ

ನೀರು ಎಷ್ಟು ಕೊಳೆಯಾಗಿದೆ ಎಂಬುದನ್ನು ಅಳೆಯುವುದು ಹೇಗೆ? ಕಣ್ಣು ಮೂಗುಗಳ ಸಾಕ್ಷ್ಯ ಸಾಲದು. 1898ರಲ್ಲಿ ಬ್ರಿಟನ್ನಿನಲ್ಲಿ ನೇಮಕವಾದ ರಾಯಲ್ ಕಮಿಷನ್ನು 1912ರ ತನ್ನ ಎಂಟನೆಯ ವರದಿಯಲ್ಲಿ ಇದಕ್ಕೆ ಕೊಟ್ಟ ಉತ್ತರ ನನಗೆ ಇಂದಿಗೂ ಸೊಗಸಾಗಿ ತೋರುತ್ತದೆ. ನೀರನ್ನು ಸೀಸೆಯಲ್ಲಿ ತುಂಬಿ, ಗಾಳಿಯಾಡದಂತೆ ಬಿರಡೆ ಹಾಕಿ, ಐದು ದಿನ ಇಡಿ. ಅಷ್ಟರಲ್ಲಿ ಜೀವಾಣುಗಳು ಕೊಳೆಯನ್ನು ತಿನ್ನುತ್ತ ಎಷ್ಟು ಆಮ್ಲಜನಕವನ್ನು ಉಸಿರಾಡಿದುವೋ ಅದೇ ಕೊಳೆಯ ಅಳತೆ. ಐದೇ ದಿನವೇಕೆಂದರೆ, ಅಲ್ಲಿಯ ನದಿಗಳು ಅಷ್ಟರೊಳಗೆ ಕಡಲನ್ನು ಸೇರಿಬಿಡುತ್ತವೆ ಎಂದು ಹೇಳುವುದುಂಟು. ಕಾವೇರಿಯ ದಡದಲ್ಲಿ ಬೆಳೆದ ನನಗೆ ಈ ಮಾತು ಕೇಳಿದಾಗಲೆಲ್ಲ ನಗು ಬರುತ್ತದೆ. ನಮ್ಮ ದೇಶದ ನಿಯಮಗಳಲ್ಲಿ ಈಗ 27 ಡಿಗ್ರಿ ಶಾಖದಲ್ಲಿ ಮೂರು ದಿನವೆಂದಿದೆ. ಬೆಚ್ಚನೆಯ ನೀರಿನಲ್ಲಿ ಜೀವಾಣುಗಳು ಚುರುಕು.

ಕೊಬ್ಬು, ಎಣ್ಣೆಗಳಿಂದ ಮಾಡಿದ ಸಾಬೂನು ಈ ಜೀವಾಣುಗಳಿಗೆ ಸುಲಭವಾದ ಆಹಾರ. ಎರಡನೆಯ ಮಹಾಯುದ್ಧದ ತರುವಾಯ ಪೆಟ್ರೋಲಿಯಮ್ಮಿನಿಂದ ಮಾಡಿದ ಡಿಟರ್ಜೆಂಟುಗಳು ಬಂದುವು. ಅವುಗಳ ಇಂಗಾಲದ ಸರಪಳಿಗೆ ಕೊಂಬೆಗಳಿದ್ದುವು. ಸರಪಳಿಯನ್ನು ತುದಿಯಿಂದ ಕಡಿಯುತ್ತ ಬರುವ ಜೀವಾಣುಗಳು ಕೊಂಬೆ ಸಿಕ್ಕಲ್ಲಿ ತಡವರಿಸಿದುವು. 1950ರ ದಶಕದಲ್ಲಿ ಇಂಗ್ಲೆಂಡಿನ ಮತ್ತು ಜರ್ಮನಿಯ ನದಿಗಳ ಮೇಲೆ ನೊರೆ ರಾಶಿಬಿದ್ದಿತು. ಪಶ್ಚಿಮ ಜರ್ಮನಿ 1961ರಲ್ಲಿ ಕಾನೂನು ಮಾಡಿತು. 1964ರಿಂದ ಡಿಟರ್ಜೆಂಟು ನೂರಕ್ಕೆ 80ರಷ್ಟಾದರೂ ಕರಗಿಹೋಗಬೇಕಾಯಿತು. ತಯಾರಕರು ಕೊಂಬೆಗಳನ್ನು ಬಿಟ್ಟು ನೇರ ಸರಪಳಿಗೆ ಬಂದರು. 1965ರಲ್ಲಿ ಅಮೆರಿಕದ ತಯಾರಕರೂ ತಾವಾಗಿಯೇ ಅದೇ ದಾರಿ ಹಿಡಿದರು. ನೊರೆ ಇಳಿಯಿತು.

ಆದರೆ ಕರಗಿತೆಂದು ತಿಳಿದದ್ದು ಹೇಗೆ? ಇಲ್ಲಿಯೇ ನನ್ನ ತಕರಾರು. ಮೆಥಿಲೀನ್ ಬ್ಲೂ ಎಂಬ ಬಣ್ಣ ಡಿಟರ್ಜೆಂಟಿನೊಡನೆ ಕೂಡಿ ಕ್ಲೋರೋಫಾರ್ಮಿಗೆ ನೀಲಿಯಾಗಿ ಇಳಿಯುತ್ತದೆ. ನೀಲಿ ಮಾಸಿದರೆ ಪರೀಕ್ಷೆ ಪಾಸು! ಅಣುವಿನ ಒಂದು ಕೊನೆ ಮುರಿದರೂ ನೀಲಿ ಮಾಸುತ್ತದೆ. ಉಳಿದ ತುಂಡು ಏನಾಯಿತೆಂದು ಅದು ಹೇಳದು. ನೋನೈಲ್‌ಫೀನಾಲ್ ಎಥಾಕ್ಸಿಲೇಟ್ ಎಂಬ ಇನ್ನೊಂದು ಜಾತಿಯ ಮಾರ್ಜಕದ ಕಥೆ ಇದನ್ನು ತೋರಿಸಿಕೊಟ್ಟಿತು. ಮೂಲವಸ್ತು ಬೇಗ ಒಡೆಯುತ್ತಿತ್ತು. ಒಡೆದು ಉಳಿಯುವ ನೋನೈಲ್‌ಫೀನಾಲ್ ಮಾತ್ರ ನೀರಿನಲ್ಲಿ ಸುಲಭವಾಗಿ ಅಳಿಯದೆ, ಮೀನುಗಳ ದೇಹದಲ್ಲಿ ಹೆಣ್ಣುಚೋದಕದಂತೆ ವರ್ತಿಸುತ್ತಿತ್ತು. ಯೂರೋಪು ಅದರ ಬಳಕೆಯನ್ನು ಬಿಗಿಯಾಗಿ ಮಿತಗೊಳಿಸಿದ್ದು 2003ರಲ್ಲಿ.

1981ರಲ್ಲಿ ಹೊರಬಂದ ಅಂತರರಾಷ್ಟ್ರೀಯ ಪರೀಕ್ಷಾಕ್ರಮದಲ್ಲಿ ಬಣ್ಣದ ಮಾತಿಲ್ಲ. ಜೀವಾಣುಗಳಿಗೆ ಆ ರಾಸಾಯನಿಕವೊಂದನ್ನೇ ಊಟವಾಗಿಟ್ಟು, 28 ದಿನಗಳಲ್ಲಿ ಅವು ಉಸಿರಾಡಿದ ಆಮ್ಲಜನಕವನ್ನೋ ಹೊರಬಿಟ್ಟ ಇಂಗಾಲಾಮ್ಲವನ್ನೋ ಲೆಕ್ಕಹಾಕುತ್ತಾರೆ. ವಸ್ತು ಪೂರ್ತಿ ಉರಿದುಹೋಗಿದ್ದರೆ ಬರಬೇಕಾದ ಮೊತ್ತದಲ್ಲಿ ನೂರಕ್ಕೆ 60 ಬಂದರೆ ತೇರ್ಗಡೆ. ಕಟ್ಟುನಿಟ್ಟಿನ ಪರೀಕ್ಷೆಯೇ ಸರಿ. ಇದರಲ್ಲಿ ಸೋತದ್ದೆಲ್ಲ ಹೊರಗೆ ಚಿರಂಜೀವಿಯಾಗಿ ಉಳಿಯುತ್ತದೆಂದು ಅರ್ಥವಲ್ಲ.

ಇನ್ನು, ಇದರಲ್ಲಿ ಗೆದ್ದದ್ದು? 2015ರಲ್ಲಿ ಬೆಳ್ಳಂದೂರು ಕೆರೆಯ ಕೋಡಿಯ ಬಳಿ ನಿಂತಿದ್ದೆ. ಆಳೆತ್ತರದ ನೊರೆ ಗಾಳಿಗೆ ಹಾರಿ ರಸ್ತೆಗೆ ಬರುತ್ತಿತ್ತು. ನಮ್ಮ ಮನೆಗಳ ಪುಡಿಯಲ್ಲಿರುವುದು ಬಹುಪಾಲು ಆ ನೇರ ಸರಪಳಿಯ ಸರಕೇ, ಸೀಸೆಯಲ್ಲಿ ಗೆದ್ದು ಬಂದದ್ದೇ. ಆದರೆ ಅದನ್ನು ಕಡಿಯುವ ಜೀವಾಣುಗಳಿಗೆ ಆಮ್ಲಜನಕ ಬೇಕು. ಸೀಸೆಯಲ್ಲಿ ಅದಿರುವಂತೆ ನೋಡಿಕೊಳ್ಳುತ್ತಾರೆ. ಊರಿನ ಚರಂಡಿಯ ನೀರು ಶುದ್ಧಿಯಾಗದೆ ವರ್ಷಗಟ್ಟಲೆ ಬಂದು ಸೇರಿದ ಆ ಕೆರೆಯಲ್ಲಿ ಅದು ಎಂದೋ ತೀರಿಹೋಗಿತ್ತು.