ಮೊದಲು ಟೆಕ್ಸ್ಟ್ ಫೈಲು, ಆಮೇಲೆ ಬ್ಲಾಗು

ಬ್ಲಾಗು ಶುರುಮಾಡಬೇಕು ಎಂದು ಯಾರಾದರೂ ಹೇಳಿದರೆ ವರ್ಡ್‌ಪ್ರೆಸ್ಸೋ ಬ್ಲಾಗರೋ ಎಂದು ಕೇಳುವುದು ರೂಢಿ. ಇವೆರಡೂ ಅಲ್ಲದ ಇನ್ನೊಂದು ದಾರಿಯೂ ಇದೆ. ನೋಟ್‌ಪ್ಯಾಡಿನಂಥ ಸಾದಾ ತಂತ್ರಾಂಶದಲ್ಲಿ ಬರೆದು, ಒಂದು ಬರಹಕ್ಕೆ ಒಂದು ಟೆಕ್ಸ್ಟ್ ಫೈಲಿನಂತೆ ಫೋಲ್ಡರಿನಲ್ಲಿ ಇಟ್ಟುಕೊಂಡು, ಚಿಕ್ಕದೊಂದು ಪ್ರೋಗ್ರಾಮಿನಿಂದ ಅವನ್ನೆಲ್ಲ ಜಾಲಪುಟಗಳಾಗಿ ಮಾಡಿಸಿ ಸರ್ವರಿಗೆ ಏರಿಸಿದರೆ ಕೆಲಸ ಮುಗಿಯಿತು. ಡೇಟಾಬೇಸಿನ ಗೊಡವೆ ಇಲ್ಲ, ವಾರಕ್ಕೊಮ್ಮೆ ಅಪ್‌ಡೇಟ್ ಬೇಡುವ ಪ್ಲಗಿನ್ನುಗಳ ಕಾಟ ಇಲ್ಲ. ಇಂಗ್ಲಿಷಿನಲ್ಲಿ ಬರೆಯುವವರು ಈ ಪದ್ಧತಿಯ ಚರಿತ್ರೆಯನ್ನು 2000ದ ಈಚೆಯಿಂದ ಹೇಳಿದರೆ ಸಾಕು. ಕನ್ನಡದವರಿಗೆ ಅಷ್ಟು ಸಾಲದು. ನಮ್ಮಲ್ಲಿ ಬ್ಲಾಗು ಬರುವ ಮೊದಲು ಟೆಕ್ಸ್ಟ್ ಫೈಲೇ ಇರಲಿಲ್ಲ. ಅದನ್ನು ಸಂಪಾದಿಸಿಕೊಳ್ಳುವುದಕ್ಕೇ ಹೆಚ್ಚುಕಡಿಮೆ ಎರಡು ದಶಕ ಹಿಡಿಯಿತು.

ಟೆಕ್ಸ್ಟ್ ಫೈಲಿನೊಳಗೆ ಇರುವುದು ಬರೀ ಸಂಖ್ಯೆಗಳ ಸಾಲು. ಯಾವ ಸಂಖ್ಯೆಗೆ ಯಾವ ಅಕ್ಷರ ಎಂಬ ಬಗ್ಗೆ ಬರೆಯುವವರಿಗೂ ಓದುವವರಿಗೂ ಮೊದಲೇ ಒಪ್ಪಂದ ಆಗಿರಬೇಕು. ಇಂಗ್ಲಿಷಿಗೆ ಆ ಒಪ್ಪಂದ 1963ರಲ್ಲಿ ಆಸ್ಕಿ ಎಂಬ ಹೆಸರಿನಲ್ಲಿ ಬಂತು. ನಮ್ಮ ಭಾಷೆಗಳಿಗೆ ಬಂದ ಇಸ್ಕಿ 1991ರಲ್ಲಿ ಐಎಸ್ 13194 ಎಂಬ ಭಾರತೀಯ ಮಾನಕವಾಯಿತು. ಬ್ರಾಹ್ಮಿಯಿಂದ ಇಳಿದ ಲಿಪಿಗಳಿಗೆಲ್ಲ ಒಂದೇ ಕೋಷ್ಟಕ, ಕನ್ನಡದ ಕಕಾರಕ್ಕೂ ತೆಲುಗಿನ ಕಕಾರಕ್ಕೂ ಒಂದೇ ಸಂಖ್ಯೆ: ಯೋಚನೆ ಬಹಳ ಅಚ್ಚುಕಟ್ಟಾಗಿತ್ತು. ಪುಣೆಯ ಸಿ-ಡಾಕ್ ಇದಕ್ಕಾಗಿ ಜಿಸ್ಟ್ ಎಂಬ ಕಾರ್ಡನ್ನೂ ಮಾಡಿತು. ಅದು ಕಚೇರಿಗಳಿಗೆ ಹೋಯಿತು, ಮನೆಗಳಿಗೆ ಬರಲಿಲ್ಲ. ಇದೇ ಕಾಲದ ಸುಮಾರಿಗೆ ಕೆ.ಪಿ. ರಾವ್ ಅವರು ಸಾಮಾನ್ಯ ಇಂಗ್ಲಿಷ್ ಕೀಲಿಮಣೆಯಲ್ಲೇ ಕನ್ನಡ ಹೊಡೆಯುವ ವಿನ್ಯಾಸ ರೂಪಿಸಿದರು, ‘ಸೇಡಿಯಾಪು’ ಎಂಬ ತಂತ್ರಾಂಶವನ್ನು ಕಾಸು ಕೇಳದೆ ಹಂಚಿದರು. ಇಂದು ನುಡಿ ಕೀಲಿಮಣೆ ಎಂದು ನಾವು ಬಳಸುತ್ತಿರುವುದರ ಮೂಲ ಅದೇ. ಬೆರಳಿಗೆ ದಾರಿ ಸಿಕ್ಕಿತು. ಆದರೆ ಕೀಲಿ ಒತ್ತಿದ ಮೇಲೆ ಫೈಲಿನೊಳಗೆ ಏನು ಹೋಗಿ ಕೂರಬೇಕು ಎಂಬುದು ಇತ್ಯರ್ಥವಾಗಿರಲಿಲ್ಲ.

ಅದನ್ನು ಇತ್ಯರ್ಥ ಮಾಡಲು ಡಿಟಿಪಿ ಅಂಗಡಿಗಳು ಕಾಯಲಿಲ್ಲ. ಪುಟ ಜೋಡಿಸಲು ಅವು ಬಳಸುತ್ತಿದ್ದ ಪೇಜ್‌ಮೇಕರಿಗೆ ಕನ್ನಡ ಎಂದರೆ ಏನೆಂದೇ ಗೊತ್ತಿರಲಿಲ್ಲ. ಹಾಗಾಗಿ ಕನ್ನಡವನ್ನು ಇಂಗ್ಲಿಷಿನ ವೇಷದಲ್ಲಿ ಒಳಗೆ ಬಿಟ್ಟರು. ಶ್ರೀಲಿಪಿ, ಆಕೃತಿ, ಪ್ರಕಾಶಕ್ ಹೀಗೆ ಒಂದೊಂದು ತಂತ್ರಾಂಶವೂ ಅಕ್ಷರಗಳನ್ನು ತುಂಡುತುಂಡಾಗಿಸಿ, ತನಗೆ ತೋಚಿದ ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕೂರಿಸಿತು. ನುಡಿ ಫಾಂಟಿನಲ್ಲಿ ‘ಕನ್ನಡ’ ಎಂದು ಬರೆದು ಫಾಂಟನ್ನು ಬದಲಿಸಿ ನೋಡಿ: ದೊಡ್ಡ ಪಿ, ತಲೆಯ ಮೇಲೆ ಗೀಟು ಹೊತ್ತ ಎ, ಬ್ರಿಟಿಷರ ಪೌಂಡಿನ ಗುರುತು, ಮತ್ತೆ ಗೀಟಿನ ಎ, ಜರ್ಮನರ ಜೋಡಿ ಎಸ್, ಸಣ್ಣ ಕ್ಯೂ, ಕೊನೆಗೆ ಇನ್ನೊಂದು ಗೀಟಿನ ಎ. ಒಟ್ಟು ಏಳು ತುಂಡು. ಪಿ ಎಂಬುದು ತಲೆಕಟ್ಟಿಲ್ಲದ ಕಕಾರ, ಗೀಟಿನ ಎ ಎಂಬುದು ತಲೆಕಟ್ಟು, ಜರ್ಮನ್ ಅಕ್ಷರ ನಕಾರದ ಒತ್ತು. ಅಚ್ಚಿಗೆ ಇದು ಸಾಕು, ಏಕೆಂದರೆ ಕಾಗದದ ಮೇಲೆ ಬೀಳುವುದು ಆಕಾರ ಮಾತ್ರ. ಇದನ್ನೇ ಟೆಕ್ಸ್ಟ್ ಫೈಲಾಗಿ ಉಳಿಸಿದರೆ ಮಾತ್ರ ಗ್ರಹಚಾರ. ಟೆಕ್ಸ್ಟ್ ಫೈಲಿನಲ್ಲಿ ಫಾಂಟಿನ ಹೆಸರು ಉಳಿಯುವುದಿಲ್ಲ. ಹತ್ತು ವರ್ಷ ಕಳೆದು ತೆರೆದವರಿಗೆ ಅದು ಕನ್ನಡ ಎಂದು ಗುರುತಿಸುವುದಕ್ಕೂ ಅನುಭವ ಬೇಕು.

ಜಾಲಕ್ಕೆ ಕನ್ನಡ ಬಂದದ್ದು ಈ ವೇಷದಲ್ಲೇ. ಮುಂಬೈಯ ಭಾಭಾ ಅಣು ಸಂಶೋಧನಾ ಕೇಂದ್ರದಲ್ಲಿ ವಿಜ್ಞಾನಿಯಾಗಿದ್ದ ಯು.ಬಿ. ಪವನಜ ಅವರು 1996ರಲ್ಲಿ ‘ವಿಶ್ವಕನ್ನಡ’ವನ್ನು ಹೊರತಂದರು, ಅದು ಕನ್ನಡದ ಮೊದಲ ಜಾಲಪತ್ರಿಕೆ. ಅಂದಿನ ಕನ್ನಡ ತಾಣಗಳನ್ನು ಓದುವುದಕ್ಕೆ ಮೊದಲು ಫಾಂಟನ್ನು ಇಳಿಸಿಕೊಳ್ಳಬೇಕಿತ್ತು. ಆಮೇಲೆ ಪುಟದ ಜೊತೆಗೇ ಹರಿದು ಬರುವ ಡೈನಮಿಕ್ ಫಾಂಟುಗಳು ಬಂದವು. ಅವುಗಳಲ್ಲೂ ಮೈಕ್ರೋಸಾಫ್ಟಿನದು ಒಂದು ಬಗೆ, ನೆಟ್‌ಸ್ಕೇಪಿನದು ಇನ್ನೊಂದು ಬಗೆ. ಅಮೆರಿಕದಲ್ಲಿದ್ದ ಶೇಷಾದ್ರಿವಾಸು ಚಂದ್ರಶೇಖರನ್ 1998ರಲ್ಲಿ ‘ಬರಹ’ವನ್ನು ಉಚಿತವಾಗಿ ಹಂಚಿದರು. ಇಂಗ್ಲಿಷ್ ಅಕ್ಷರಗಳಲ್ಲಿ ಉಚ್ಚಾರದಂತೆ ಬರೆದರೆ ಕನ್ನಡವಾಗುವ ಅನುಕೂಲ ಅದರಲ್ಲಿತ್ತು. ಹೊರನಾಡಿನಲ್ಲಿದ್ದವರು ಕನ್ನಡ ಬರೆಯತೊಡಗಿದ್ದು ಮುಖ್ಯವಾಗಿ ಇದರಿಂದ. ಕನ್ನಡ ಗಣಕ ಪರಿಷತ್ತಿನ ‘ನುಡಿ’ ಸರ್ಕಾರದ ಬೆಂಬಲದೊಂದಿಗೆ ಕಚೇರಿ, ಶಾಲೆ, ಮುದ್ರಣಾಲಯ ಎಲ್ಲ ಕಡೆ ಹಬ್ಬಿತು. ನುಡಿಯ ಬಗ್ಗೆ ಕೊಂಕು ಮಾತಾಡುವುದು ಈಗ ಸುಲಭ. ಆದರೆ ಹತ್ತು ಬಗೆಯ ಫಾಂಟು ಸಂಕೇತಗಳ ಸಂತೆಯಲ್ಲಿ ನಾಡಿನ ಬಹುಪಾಲು ಕಂಪ್ಯೂಟರುಗಳು ಒಂದೇ ಸಂಕೇತಕ್ಕೆ ಬಂದದ್ದೇ ಮುಂದಿನ ಕೆಲಸಕ್ಕೆ ಅಡಿಪಾಯವಾಯಿತು ಎಂದು ನನ್ನ ಎಣಿಕೆ. ಎಲ್ಲರೂ ಒಂದೇ ತಪ್ಪು ಮಾಡಿದ್ದರೆ ಅದನ್ನು ಒಂದೇ ಪ್ರೋಗ್ರಾಮಿನಿಂದ ತಿದ್ದಬಹುದು.

ತಿದ್ದುಪಡಿ ಬಂದದ್ದು ಪ್ರತಿ ಲಿಪಿಯ ಅಕ್ಷರಗಳಿಗೂ ಬೇರೆಬೇರೆ ಸಂಖ್ಯೆ ಕೊಡುವ ಯೂನಿಕೋಡಿನಿಂದ. 1991ರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ 3200ರಿಂದ 3327ರವರೆಗಿನ ಸಂಖ್ಯೆಗಳು ಮೀಸಲಾದವು. ಅದಕ್ಕೆ ಒಂದು ಮನೆ ಹಿಂದೆ, 3072ರಿಂದ, ತೆಲುಗು. ಎರಡೂ ಇಸ್ಕಿಯ ಕೋಷ್ಟಕವನ್ನೇ ಹಾಸಿಕೊಂಡು ಮಲಗಿರುವುದರಿಂದ ಅಕ್ಷರಗಳ ಸರದಿ ಒಂದೇ. ನಾನು ಇದನ್ನು ಬರೆಯುತ್ತಿರುವ ವಿಜಯವಾಡದ ಬಡಾವಣೆಯ ಹೆಸರನ್ನೇ ತೆಗೆದುಕೊಳ್ಳಿ. ಇಲ್ಲಿಯ ತೆಲುಗು ಫಲಕದಲ್ಲಿರುವ ‘ಭವಾನಿಪುರಂ’ ಒಂಬತ್ತು ಸಂಖ್ಯೆಗಳಾಗುತ್ತದೆ. ಅದರ ಭಕಾರ 3117. ಪ್ರತಿ ಸಂಖ್ಯೆಗೂ 128 ಕೂಡಿಸುತ್ತ ಹೋಗಿ. 3245ಕ್ಕೆ ಕನ್ನಡದ ಭಕಾರ ಸಿಗುತ್ತದೆ, ಮುಂದಿನ ಎಂಟೂ ಹಾಗೆಯೇ ಸಾಲಾಗಿ ಬಂದು ಕನ್ನಡದ ಭವಾನಿಪುರಂ ಆಗುತ್ತದೆ. ತೆಲುಗು ಓದಲು ಬಾರದ ಕನ್ನಡಿಗರು ಇಲ್ಲಿಯ ಪತ್ರಿಕೆಯ ಫೈಲೊಂದನ್ನು ಕನ್ನಡ ಲಿಪಿಯಲ್ಲಿ ಓದಬೇಕೆಂದರೆ ಬೇಕಾದದ್ದು ಇಷ್ಟೇ ಕೂಡಿಕೆ. ಫಾಂಟು ಸಂಕೇತದಲ್ಲಿ ಇದು ಕನಸಿನ ಮಾತು.

ಪ್ರಾಸಂಗಿಕವಾಗಿ, ತೆಲುಗಿನವರು ಪಟ್ಟ ಪಾಡೂ ನಮ್ಮದೇ. ವಿಜಯವಾಡದ ಏಲೂರು ರಸ್ತೆಯ ಪುಸ್ತಕದಂಗಡಿಗಳಿಗೆ ಹೋಗುವ ಪುಸ್ತಕಗಳಲ್ಲಿ ಎಷ್ಟೋ ಅನು ಫಾಂಟಿನಲ್ಲಿ ಜೋಡಣೆಯಾದವು. ಅನು ತೆಲುಗಿನ ನುಡಿ ಎನ್ನಬಹುದು. ಅತ್ತ ಅಮೆರಿಕದ ರೈಸ್ ವಿಶ್ವವಿದ್ಯಾಲಯದ ತೆಲುಗು ವಿದ್ಯಾರ್ಥಿಗಳು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದುದನ್ನು ತೆಲುಗಿಗೆ ತರುವ ‘ರಿಟ್’ ಎಂಬ ಪ್ರೋಗ್ರಾಮನ್ನು ಮಾಡಿದ್ದರು. ‘ಈಮಾಟ’ ಜಾಲಪತ್ರಿಕೆ 1998ರಿಂದ ನಡೆದು ಬಂದು ಮುಂದೆ ಯೂನಿಕೋಡಿಗೆ ದಾಟಿತು. 2006ರಲ್ಲಿ ಬಂದ ‘ಲೇಖಿನಿ’ ಬ್ರೌಸರಿನಲ್ಲೇ ತೆಲುಗು ಬರೆಯುವ ಅನುಕೂಲ ಕೊಟ್ಟಿತು.

ಯೂನಿಕೋಡಿನ ಸಂಖ್ಯೆ ಕಾಗದದ ಮೇಲೆ ಗೊತ್ತಾದರೆ ಸಾಲದು, ಪರದೆಯ ಮೇಲೆ ಒತ್ತಕ್ಷರ ಸರಿಯಾಗಿ ಮೂಡಬೇಕು. 2001ರ ವಿಂಡೋಸ್ ಎಕ್ಸ್‌ಪಿ ‘ತುಂಗಾ’ ಫಾಂಟಿನೊಂದಿಗೆ ಬಂದ ಮೇಲೆ ಅದು ಸಾಧ್ಯವಾಯಿತು. ಆಂಡ್ರಾಯ್ಡ್ ಫೋನುಗಳಿಗೆ ಕನ್ನಡ ಸರಿಯಾಗಿ ಬರಲು 2012ರ ತನಕ ಕಾಯಬೇಕಾಯಿತು. ನಡುವೆ ಕಂಪ್ಯೂಟರಿನ ಕನ್ನಡದ ವಿಷಯದಲ್ಲಿ ಸರ್ಕಾರಕ್ಕೆ ದಾರಿ ತೋರಿಸಲು ಚಿದಾನಂದ ಗೌಡರ ಸಮಿತಿ ಕೆಲಸ ಮಾಡಿತು. ಪೂರ್ಣಚಂದ್ರ ತೇಜಸ್ವಿಯವರಂಥ ಲೇಖಕರೂ ಕನ್ನಡ ತಂತ್ರಾಂಶಕ್ಕಾಗಿ ದನಿಯೆತ್ತಿದರು. ಈ ಭಾಗ ಬೇರೆಯೇ ಲೇಖನ ಬೇಡುವಷ್ಟಿದೆ, ಮುಂದೆ ಹೋಗುತ್ತೇನೆ.

ಯೂನಿಕೋಡ್ ಕೈಗೆ ಬಂದದ್ದೇ ತಡ, ಕನ್ನಡಿಗರು ಜಾಲದಲ್ಲಿ ಬರೆದರು. 2003ರ ಜೂನ್‌ನಲ್ಲಿ ಕನ್ನಡ ವಿಕಿಪೀಡಿಯ, 2005ರಲ್ಲಿ ಹರಿಪ್ರಸಾದ್ ನಾಡಿಗ್ ಅವರ ‘ಸಂಪದ’, 2007ರ ಹೊತ್ತಿಗೆ ‘ಕೆಂಡಸಂಪಿಗೆ’, ‘ಅವಧಿ’ ತಾಣಗಳು. ಸ್ವಂತ ಬ್ಲಾಗುಗಳು ಲೆಕ್ಕವಿಲ್ಲದಷ್ಟು ಹುಟ್ಟಿದವು. ಆದರೆ ಬರೆದದ್ದೆಲ್ಲ ಯಾರದೋ ಡೇಟಾಬೇಸಿನೊಳಗೆ ಹೋಯಿತು. ಪುಕ್ಕಟೆ ಜಾಲಪುಟಗಳಿಗೆ ಜಾಗ ಕೊಡುತ್ತಿದ್ದ ಜಿಯೋಸಿಟೀಸನ್ನು ಯಾಹೂ 2009ರಲ್ಲಿ ಮುಚ್ಚಿದಾಗ ಅಲ್ಲಿ ಬಿಡಾರ ಹೂಡಿದ್ದ ಪುಟಗಳು ಒಂದೇ ದಿನ ಮಾಯವಾದವು. ಬ್ಲಾಗರ್ ಮೊದಮೊದಲು ಬರೆದವರ ಸ್ವಂತ ಸರ್ವರಿಗೆ ಸಿದ್ಧ ಪುಟಗಳನ್ನು ಎಫ್‌ಟಿಪಿಯಿಂದ ಕಳಿಸುತ್ತಿತ್ತು. 2010ರಲ್ಲಿ ಆ ಸೌಲಭ್ಯವೂ ನಿಂತಿತು. ತಾಣ ಮುಚ್ಚಿದಾಗ ಬರಹ ಖಚಿತವಾಗಿ ಉಳಿದದ್ದು ತಮ್ಮ ಕಂಪ್ಯೂಟರಿನಲ್ಲಿ ಮೂಲ ಪ್ರತಿ ಇಟ್ಟುಕೊಂಡವರದು ಮಾತ್ರ.

ಮೂಲ ಪ್ರತಿಯೇ ಬ್ಲಾಗಾಗಬೇಕು ಎಂಬ ಯೋಚನೆ ಅಷ್ಟರಲ್ಲಿ ಬೇರೆ ಕಡೆ ಬೆಳೆದಿತ್ತು. ರೇಲ್ ಡಾರ್ನ್‌ಫೆಸ್ಟ್ ಬರೆದ ‘ಬ್ಲಾಸಮ್’ ಪರ್ಲ್ ಭಾಷೆಯ ಒಂದೇ ಒಂದು ಫೈಲು. ಅದರ ನಿಯಮವನ್ನು ನಿಂತ ನಿಲುವಿನಲ್ಲಿ ಕಲಿಯಬಹುದಿತ್ತು: ಟೆಕ್ಸ್ಟ್ ಫೈಲಿನ ಮೊದಲ ಸಾಲು ಶೀರ್ಷಿಕೆ, ಉಳಿದದ್ದು ಬರಹ, ಫೋಲ್ಡರಿನ ಹೆಸರೇ ವಿಭಾಗ, ಫೈಲು ಉಳಿಸಿದ ಹೊತ್ತೇ ಪ್ರಕಟಣೆಯ ದಿನಾಂಕ. ಈ ಕೊನೆಯದೇ ಎಡವಟ್ಟು. ಹಳೆಯ ಬರಹದಲ್ಲಿ ಒಂದು ದೀರ್ಘ ತಿದ್ದಿ ಉಳಿಸಿದರೆ ಅದು ಇವತ್ತಿನ ಬರಹವಾಗಿ ಮುಖಪುಟದ ನೆತ್ತಿಗೆ ಏರುತ್ತಿತ್ತು. ಕಾಗುಣಿತ ತಿದ್ದುವ ಚಟದವರಿಗೆ ಇದಕ್ಕಿಂತ ಶಿಕ್ಷೆ ಬೇಕೆ? 2004ರಲ್ಲಿ ಜಾನ್ ಗ್ರೂಬರ್, ಆರನ್ ಸ್ವಾರ್ಟ್ಜ್ ಅವರ ನೆರವಿನೊಂದಿಗೆ, ಮಾರ್ಕ್‌ಡೌನ್ ರೂಪಿಸಿದರು. ಒತ್ತು ಕೊಡಲು ನಕ್ಷತ್ರ, ಉಪಶೀರ್ಷಿಕೆಗೆ ಮುಂದೊಂದು ಹ್ಯಾಶ್, ಅಷ್ಟರಲ್ಲೇ ಎಚ್‌ಟಿಎಂಎಲ್ ಆಗುತ್ತದೆ. 2008ರಲ್ಲಿ ಟಾಮ್ ಪ್ರೆಸ್ಟನ್-ವರ್ನರ್ ಟೆಕ್ಸ್ಟ್ ಫೈಲುಗಳಿಂದ ಇಡೀ ತಾಣ ಕಟ್ಟುವ ‘ಜೆಕಿಲ್’ ಬರೆದರು. ದಿನಾಂಕವನ್ನು ಫೈಲಿನ ಹೆಸರಿನಲ್ಲೇ ಬರೆಸುವ ಮೂಲಕ ಬ್ಲಾಸಮ್‌ನ ತೊಡಕು ತೀರಿತು. ಶೀರ್ಷಿಕೆ ಮುಂತಾದ ವಿವರಗಳನ್ನು ಫೈಲಿನ ನೆತ್ತಿಯಲ್ಲಿ, ಮೂರು ಮೂರು ಅಡ್ಡಗೆರೆಗಳ ನಡುವೆ ಕೊಡುವ ಪದ್ಧತಿ ಅಲ್ಲಿಂದ ಎಲ್ಲೆಡೆ ಹರಡಿತು. ಅದೇ ವರ್ಷದ ಡಿಸೆಂಬರಿನಲ್ಲಿ ಗಿಟ್‌ಹಬ್ ಇಂಥ ತಾಣಗಳಿಗೆ ಪುಕ್ಕಟೆ ಜಾಗ ಕೊಟ್ಟಿತು. 2013ರಲ್ಲಿ ಸ್ಟೀವ್ ಫ್ರಾನ್ಸಿಯಾ ಅವರ ‘ಹ್ಯೂಗೋ’ ಬಂದ ಮೇಲೆ ಸಾವಿರ ಫೈಲುಗಳ ತಾಣವೂ ಕಣ್ಣುಮುಚ್ಚಿ ತೆರೆಯುವಷ್ಟರಲ್ಲಿ ತಯಾರು.

ಈ ಸಲಕರಣೆಗಳನ್ನು ಬರೆದವರ ಕಣ್ಣಮುಂದೆ ಕನ್ನಡ ಇರಲಿಲ್ಲ ಎಂಬುದು ಬಳಸಿದವರಿಗೆ ಬೇಗ ಗೊತ್ತಾಗುತ್ತದೆ. ಶೀರ್ಷಿಕೆಯಿಂದ ವಿಳಾಸ ಮಾಡುವಾಗ ಅನೇಕ ಪ್ರೋಗ್ರಾಮುಗಳು ಅಕ್ಷರ ಮತ್ತು ಅಂಕಿಗಳನ್ನು ಉಳಿಸಿ ಮಿಕ್ಕದ್ದನ್ನು ಕಿತ್ತೆಸೆದು ಆ ಜಾಗದಲ್ಲಿ ಅಡ್ಡಗೆರೆ ಇಡುತ್ತಿದ್ದವು. ಯೂನಿಕೋಡಿನ ವರ್ಗೀಕರಣದಲ್ಲಿ ನಮ್ಮ ವಿರಾಮಚಿಹ್ನೆ, ಅಂದರೆ ಅರ್ಧಾಕ್ಷರದ ಗುರುತು, ಹಾಗೂ ಕಾಗುಣಿತದ ಗುರುತುಗಳು ‘ಅಕ್ಷರ’ಗಳಲ್ಲ, ಪಕ್ಕದ ಅಕ್ಷರಕ್ಕೆ ಅಂಟುವ ‘ಚಿಹ್ನೆ’ಗಳು. ಹೀಗಾಗಿ ‘ಕನ್ನಡ’ ಎಂಬ ಶೀರ್ಷಿಕೆಯ ಒತ್ತು ಬಿಚ್ಚಿ ‘ಕನ-ನಡ’ ಆಗುತ್ತಿತ್ತು. ಒತ್ತು ಉಳಿಯಿತೆನ್ನಿ, ವಿಳಾಸದ ಉದ್ದ ನೋಡಿ. ಐದು ಸಂಖ್ಯೆಗಳ ‘ಕನ್ನಡ’ ಯುಟಿಎಫ್-8ರಲ್ಲಿ ಹದಿನೈದು ಬೈಟು. ಅದನ್ನು ನಕಲು ಮಾಡಿ ವಾಟ್ಸಾಪಿಗೆ ಅಂಟಿಸಿದರೆ ಶೇಕಡಾ ಚಿಹ್ನೆಗಳ ಸಮೇತ ನಲವತ್ತೈದು ಅಕ್ಷರ. ಅದಕ್ಕೇ ಕನ್ನಡದಲ್ಲಿ ಬರೆಯುವ ಎಷ್ಟೋ ಜನ ಫೈಲಿನ ಹೆಸರನ್ನು ಮಾತ್ರ ಇಂಗ್ಲಿಷಿನಲ್ಲಿ ಇಡುತ್ತಾರೆ. ಬೇಸರದ ಸಂಗತಿ ಎನಿಸಿದರೂ ನಾನೂ ಅದನ್ನೇ ಸೂಚಿಸುತ್ತೇನೆ. ಇನ್ನು ಮಾರ್ಕ್‌ಡೌನ್: ಸಾಲಿನ ಆರಂಭದಲ್ಲಿ 1 ಬರೆದು ಚುಕ್ಕಿ ಇಟ್ಟರೆ ಪಟ್ಟಿ ಎಂದು ಅದಕ್ಕೆ ತಿಳಿಯುತ್ತದೆ, ೧ ಬರೆದರೆ ತಿಳಿಯುವುದಿಲ್ಲ.

ಕಣ್ಣಿಗೆ ಕಾಣದ ಅಕ್ಷರಗಳದು ಇದಕ್ಕಿಂತ ಕಷ್ಟ. ‘ರ‍್ಯಾಂಕ್’ ಎಂದು ಬರೆಯಲು ರಕಾರದ ನಂತರ ಅಗೋಚರವಾದ ಜೋಡುಗುರುತೊಂದು ಬೇಕು. ಅದಿಲ್ಲದಿದ್ದರೆ ರಕಾರ ಅರ್ಕಾವತ್ತಾಗಿ ಯಕಾರದ ಬಲಕ್ಕೆ ಹೋಗಿ ಕೂರುತ್ತದೆ. ಆ ಗುರುತು ಅರ್ಧಾಕ್ಷರದ ಚಿಹ್ನೆಗಿಂತ ಮೊದಲು ಬರಬೇಕು ಎಂದು ಯೂನಿಕೋಡ್ ಹೇಳುತ್ತದೆ, ಆಮೇಲೆ ಇಟ್ಟು ಬರೆದ ಹಳೆಯ ಫೈಲುಗಳೂ ಇವೆ. ಪರದೆಯ ಮೇಲೆ ಎರಡೂ ಒಂದೇ ಥರ ಕಂಡರೂ ಒಂದನ್ನು ಹುಡುಕಿದರೆ ಇನ್ನೊಂದು ಸಿಗುವುದಿಲ್ಲ. ‘ಲೋಕ’ದ ಓಕಾರವನ್ನು ಒಂದೇ ಸಂಖ್ಯೆಯಾಗಿಯೂ ಬರೆಯಬಹುದು, ಬಿಡಿಸಿ ಬಿಡಿಸಿಯೂ ಬರೆಯಬಹುದು. ಟೆಕ್ಸ್ಟ್ ಫೈಲುಗಳಿಂದ ತಾಣ ಕಟ್ಟುವವರಿಗೆ ಒಂದು ಅನುಕೂಲವೆಂದರೆ ಇಂಥದ್ದನ್ನು ಎಲ್ಲ ಫೈಲುಗಳಲ್ಲಿ ಒಂದೇ ಆಜ್ಞೆಯಿಂದ ಸರಿಪಡಿಸಬಹುದು. ಬೇರೆಯವರ ಡೇಟಾಬೇಸಿನಲ್ಲಿ ಬರಹ ಇಟ್ಟವರಿಗೆ ಇದು ಅಷ್ಟು ಸುಲಭವಲ್ಲ.

ಹಳೆಯ ಫಾಂಟಿನ ಬರಹಗಳನ್ನು ಬಿಡಿಸಿ ತರುವ ಕೆಲಸವನ್ನು ಮಾಡಿದವರು ಹೆಚ್ಚಾಗಿ ಸ್ವಯಂಸೇವಕರು. ಅರವಿಂದ ವಿ.ಕೆ. ಅವರು ಬರೆದ ಆಸ್ಕಿ-ಯೂನಿಕೋಡ್ ಪರಿವರ್ತಕದ ಮೂಲ ಎಲ್ಲರಿಗೂ ಮುಕ್ತ; ‘ಗುಬ್ಬಿ’, ‘ನವಿಲು’ ಎಂಬ ಮುಕ್ತ ಫಾಂಟುಗಳೂ ಅವರವೇ. ಓಂಶಿವಪ್ರಕಾಶ್ ಮತ್ತು ಗೆಳೆಯರ ‘ಸಂಚಯ’ ಬಳಗ ಇಪ್ಪತ್ತು ಸಾವಿರಕ್ಕೂ ಹೆಚ್ಚು ವಚನಗಳನ್ನು ಪದ ಹಿಡಿದು ಹುಡುಕುವಂತೆ ಮಾಡಿತು. ವಚನಗಳೆಲ್ಲ ಯೂನಿಕೋಡಿನಲ್ಲಿ ಇಲ್ಲದಿದ್ದರೆ ಆ ಹುಡುಕಾಟ ಆಗುವಂತಿರಲಿಲ್ಲ. ಪರಿವರ್ತಕಗಳು ನೂರಕ್ಕೆ ನೂರು ಸರಿ ಎನ್ನುವಂತಿಲ್ಲ. ಅರ್ಕಾವತ್ತನ್ನು ನುಡಿಯಲ್ಲಿ ಕಣ್ಣಿಗೆ ಕಂಡಂತೆ ಅಕ್ಷರದ ನಂತರ ಬರೆಯುತ್ತಾರೆ, ಯೂನಿಕೋಡಿನಲ್ಲಿ ಉಚ್ಚಾರದಂತೆ ಮೊದಲು ಬರೆಯಬೇಕು; ಆದ್ದರಿಂದ ಪರಿವರ್ತಕ ‘ಸೂರ್ಯ’ನನ್ನು ಹಿಂದುಮುಂದಾಗಿಸಿ ಜೋಡಿಸಬೇಕಾಗುತ್ತದೆ. ನಡುವೆ ಬಂದ ಇಂಗ್ಲಿಷ್ ಹೆಸರುಗಳು ಕನ್ನಡದ ಒತ್ತುಗಳಾಗಿ ಒಡೆದುಹೋಗುವುದೂ ಉಂಟು.

ಬರಹಗಾರರಲ್ಲಿ ಈ ಪದ್ಧತಿಗೆ ಒಲಿದವರು ಬಹುಪಾಲು ಪ್ರೋಗ್ರಾಮು ಬಲ್ಲವರು. ಕಥೆ ಬರೆಯುವವರಿಗೆ, ಫೈಲುಗಳ ಬದಲಾವಣೆಯ ಲೆಕ್ಕವಿಡುವ ಗಿಟ್ ಕಲಿಯಿರಿ ಎನ್ನುವುದು ನ್ಯಾಯವಲ್ಲ. ಫೋನಿನಲ್ಲೇ ಬರೆಯುವವರಿಗಂತೂ ಇದು ಇನ್ನೂ ದೂರ. ಅಂಥವರು ತಾಣ ಎಲ್ಲಿ ಬೇಕಾದರೂ ನಡೆಸಲಿ, ಬರಹದ ಪ್ರತಿಯನ್ನು ಯೂನಿಕೋಡ್ ಟೆಕ್ಸ್ಟ್ ಫೈಲಾಗಿ ದಿನಾಂಕದ ಹೆಸರಿನಲ್ಲಿ ಒಂದು ಫೋಲ್ಡರಿಗೆ ಹಾಕಿಡಲಿ. ಜೆಕಿಲ್‌ಗಾಗಲಿ ಹ್ಯೂಗೋಗಾಗಲಿ ನಾಳೆ ಬರುವ ಇನ್ನೊಂದಕ್ಕಾಗಲಿ ಬೇಕಾಗುವುದು ಆ ಫೋಲ್ಡರೇ. ಪ್ರಕಾಶಕರ ಕಪಾಟಿನಲ್ಲಿ ಮಾತ್ರ ಪೇಜ್‌ಮೇಕರಿನ ಫೈಲುಗಳು ಸಿಡಿಗಳ ಸಮೇತ ಇನ್ನೂ ಕೂತಿವೆ. ಪೇಜ್‌ಮೇಕರ್ ಓಡಿಸಬಲ್ಲ ಹಳೆಯ ಕಂಪ್ಯೂಟರು ಅಂಗಡಿಯಲ್ಲಿ ಇರುವಾಗಲೇ ಅವನ್ನು ತೆರೆದು, ಪರಿವರ್ತಕಕ್ಕೆ ಕೊಟ್ಟು, ಕರಡು ತಿದ್ದುವವರ ಕಣ್ಣಿಗೆ ಒಮ್ಮೆ ಹಾಯಿಸಿಬಿಡಬೇಕು.