ಮೊದಲು ಗಾಡಿಗೆ, ಆಮೇಲೆ ಕೈಗೆ

ಹೋದ ವರ್ಷ ದಸರಾ ರಜೆಗೆ ಅಕ್ಕನ ಮನೆಗೆ ಹೋಗಿದ್ದೆ. ಊಟಕ್ಕೆ ಕೂತಾಗ ಭಾವ ಚಮಚ ತಗೊಂಡರು. ನಮ್ಮ ಸುಳ್ಯದ ಕಡೆ ಮನೆಯಲ್ಲಿ ಅನ್ನ-ಸಾರನ್ನು ಯಾರೂ ಚಮಚದಲ್ಲಿ ಉಣ್ಣುವುದಿಲ್ಲ. ನಾನು ನೋಡುತ್ತಿರುವುದು ಅಕ್ಕನಿಗೆ ಗೊತ್ತಾಯಿತು. "ಸಾರು ತಾಗಿದ್ರೆ ಕೈ ಉರಿತದಂತೆ. ಎರಡು ತಿಂಗಳಿಂದ ಹೀಗೇ," ಅಂದಳು.

ಭಾವನದ್ದು ಜೀಪು ರಿಪೇರಿಯ ಗ್ಯಾರೇಜು, ಇಪ್ಪತ್ತು ವರ್ಷದಿಂದ. ಬೆರಳಿನ ಗೆಣ್ಣುಗಳೆಲ್ಲ ಒಡೆದಿದ್ದವು. ಬಿರುಕಿನೊಳಗೆ ಕೂತ ಕರಿ ಆಯಿಲ್ ಸೋಪಿಗೂ ಹೋಗುತ್ತಿರಲಿಲ್ಲ, ಡೀಸೆಲ್ಲಿಗೂ ಹೋಗುತ್ತಿರಲಿಲ್ಲ.

ಮರುದಿನ ಪೇಟೆಯ ಮೆಡಿಕಲ್ಲಿನಿಂದ ಬಿಳಿ ಲೇಟೆಕ್ಸ್ ಗ್ಲೌಸಿನ ಡಬ್ಬಿ ತಂದುಕೊಟ್ಟೆ. ಭಾವ ಹಾಕಿಕೊಂಡು ಡೀಸೆಲ್ಲಿನಲ್ಲಿ ಸಾಮಾನು ತೊಳೆಯಲು ಕೂತರು. ಸ್ವಲ್ಪ ಹೊತ್ತಿಗೆ ಗ್ಲೌಸಿನ ಬೆರಳುಗಳು ಉಬ್ಬಿ, ಸಡಿಲಾಗಿ, ಒಂದು ಕಡೆ ಹರಿದೇ ಹೋಯಿತು. "ಎಂತ ಮಾರಾಯ, ನಿನ್ನ ಗ್ಲೌಸು ಡೀಸೆಲ್ ಕುಡೀತದಲ್ಲ!" ಅಂತ ನಕ್ಕರು. ಗ್ಯಾರೇಜಿನ ಹಿಂದೆ ರಬ್ಬರ್ ತೋಟ. ಇಂಥ ಮರದ ಹಾಲಿನಿಂದಲೇ ಆ ಗ್ಲೌಸೂ ಆಗುವುದು. ಮಳೆಗೆ ಜಗ್ಗದ ರಬ್ಬರು ಡೀಸೆಲ್ಲಿಗೆ ಯಾಕೆ ಸೋತಿತು?

ಬೆಂಗಳೂರಿಗೆ ವಾಪಸ್ ಬಂದು ಒಳ್ಳೆಯ ಗ್ಲೌಸು ಹುಡುಕಲು ಕೂತೆ. ಬಗ್ ಸಿಕ್ಕಿದರೆ ಅದು ಯಾವಾಗ ಒಳಗೆ ಬಂತು ಅಂತ ಹಳೇ ಕೋಡ್ ಕೆದಕುವುದು ನನ್ನ ಚಾಳಿ. ಇಲ್ಲೂ ಹಾಗೇ ಆಯಿತು, ಹಿಂದೆ ಹಿಂದೆ ಹೋಗುತ್ತಾ ನೂರಾರು ವರ್ಷ ಹಿಂದಕ್ಕೆ ಹೋದೆ.

ರಬ್ಬರು ಮೊದಲು ಅಷ್ಟೇನೂ ಉಪಯೋಗದ ವಸ್ತುವಾಗಿರಲಿಲ್ಲ. ಬಿಸಿಲಿಗೆ ಅಂಟಂಟು, ಚಳಿಗೆ ಗಟ್ಟಿಯಾಗಿ ಬಿರುಕು. 1839ರಲ್ಲಿ ಅಮೆರಿಕದ ಚಾರ್ಲ್ಸ್ ಗುಡ್‌ಇಯರ್ ಅದಕ್ಕೆ ಗಂಧಕ ಸೇರಿಸಿ ಕಾಯಿಸಿದಾಗ ಆ ಗುಣ ಹೋಯಿತು. ಐದು ವರ್ಷದ ಮೇಲೆ ಪೇಟೆಂಟ್ ಸಿಕ್ಕಿತು. ಗ್ಲೌಸಿನ ಕಥೆಗೆ ಪೀಠಿಕೆ ಇದು.

ಮುಖ್ಯ ತಿರುವು ಬಂದದ್ದು ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ, 1889-90ರ ಚಳಿಗಾಲದಲ್ಲಿ. ಅಲ್ಲಿನ ಸರ್ಜನ್ ವಿಲಿಯಂ ಹಾಲ್‌ಸ್ಟೆಡ್. ಅವರ ಆಪರೇಷನ್ ಕೋಣೆಯ ಮುಖ್ಯ ನರ್ಸ್ ಕೆರೊಲಿನ್ ಹ್ಯಾಂಪ್ಟನ್. ಕ್ರಿಮಿ ಕೊಲ್ಲಲು ಕೈ ಅದ್ದುತ್ತಿದ್ದ ಪಾದರಸದ ದ್ರಾವಣದಿಂದ ಆಕೆಯ ಕೈ, ಮುಂಗೈ ಎಲ್ಲ ಒಡೆದು ಉರಿಯುತ್ತಿತ್ತು. ಹಾಲ್‌ಸ್ಟೆಡ್ ನ್ಯೂಯಾರ್ಕಿನಲ್ಲಿ ಗುಡ್‌ಇಯರ್ ರಬ್ಬರ್ ಕಂಪನಿಗೆ ಹೇಳಿ ಎರಡು ಜೊತೆ ತೆಳು ರಬ್ಬರ್ ಗ್ಲೌಸು ಮಾಡಿಸಿದರು. (ನಮಗೆಲ್ಲ ಗೊತ್ತಿರುವ ಟೈರ್ ಕಂಪನಿ ಬೇರೆ, ಅದು ಶುರುವಾದದ್ದು 1898ರಲ್ಲಿ.) 1890ರಲ್ಲಿ ಇಬ್ಬರೂ ಮದುವೆಯಾದರು.

ಆ ಗ್ಲೌಸು ಬಂದದ್ದು ರೋಗಿಗಾಗಿ ಅಲ್ಲ, ಕೆಲಸ ಮಾಡುವ ಕೈಗಾಗಿ. ಗ್ಲೌಸು ಹಾಕಿದರೆ ರೋಗಿಗೆ ಸೋಂಕು ಕಡಿಮೆ ಅಂತ ಹಾಲ್‌ಸ್ಟೆಡ್ ಬಳಿ ಇದ್ದ ಜೋಸೆಫ್ ಬ್ಲಡ್‌ಗುಡ್ ಹರ್ನಿಯಾ ಆಪರೇಷನ್ನುಗಳ ಲೆಕ್ಕವಿಟ್ಟು ತೋರಿಸಿದ್ದು 1899ರಲ್ಲಿ. ಹತ್ತಿರ ಹತ್ತು ವರ್ಷ ಆಮೇಲೆ!

ಕೆರೊಲಿನ್ ಕೈ ಉರಿದದ್ದನ್ನು ನೋಡುವವರು ಒಬ್ಬರು ಇದ್ದರು. ಎಲ್ಲರಿಗೂ ಆ ಅದೃಷ್ಟ ಇರಲಿಲ್ಲ. ಇಂಗ್ಲೆಂಡಿನ ಲ್ಯಾಂಕಾಶೈರಿನ ಹತ್ತಿ ಗಿರಣಿಗಳಲ್ಲಿ ನೂಲುವ ಯಂತ್ರಕ್ಕೆ ಖನಿಜ ತೈಲ ಹಾಕುತ್ತಿದ್ದರು. ಯಂತ್ರದ ಮೇಲೆ ಬಗ್ಗಿ ಬಗ್ಗಿ ಕೆಲಸ ಮಾಡುವವರ ಪ್ಯಾಂಟು ಎಣ್ಣೆಯಲ್ಲಿ ನೆನೆದು, ದಿನವಿಡೀ ಮೈಗೆ ಅಂಟಿಕೊಂಡಿರುತ್ತಿತ್ತು. ಎಷ್ಟೋ ಜನರಿಗೆ ವೃಷಣಚೀಲದ ಚರ್ಮದಲ್ಲಿ ಕ್ಯಾನ್ಸರ್ ಬಂತು. ಮ್ಯಾಂಚೆಸ್ಟರಿನ ವೈದ್ಯರಾದ ಸೌತಮ್ ಮತ್ತು ವಿಲ್ಸನ್ ಇದನ್ನು 1922ರಲ್ಲೇ ಬರೆದು ಪ್ರಕಟಿಸಿದರು. ಈ ಗಿರಣಿಗಳ ಎಣ್ಣೆ ಹೇಗಿರಬೇಕು, ಕೆಲಸಗಾರರನ್ನು ಎಷ್ಟು ತಿಂಗಳಿಗೊಮ್ಮೆ ವೈದ್ಯರು ನೋಡಬೇಕು ಅಂತ ಬ್ರಿಟನ್ನಿನಲ್ಲಿ ನಿಯಮ ಬಂದದ್ದು 1953ರಲ್ಲಿ. ಮಧ್ಯೆ 31 ವರ್ಷ.

ಇವತ್ತಿನ ಹೊಸ ಇಂಜಿನ್ ಆಯಿಲ್ ಆಗಿನ ಎಣ್ಣೆಯಂತಲ್ಲ, ಚೆನ್ನಾಗಿ ಶುದ್ಧಿ ಮಾಡಿರುತ್ತಾರೆ. ಆದರೆ ಇಂಜಿನ್ನಿನಲ್ಲಿ ಸಾವಿರಾರು ಕಿಲೋಮೀಟರ್ ಓಡಿದ ಆಯಿಲ್ಲಿಗೆ ಇಂಧನ ಉರಿದ ಮಸಿ, ಅದರ ಜೊತೆಗೆ ಕ್ಯಾನ್ಸರ್ ತರಬಲ್ಲ ರಾಸಾಯನಿಕಗಳು ಸೇರಿಕೊಂಡಿರುತ್ತವೆ. ಇಲಿಗಳ ಚರ್ಮಕ್ಕೆ ಇಂಥ ಹಳೇ ಆಯಿಲ್ ಹಚ್ಚಿದ ಪ್ರಯೋಗಗಳಲ್ಲಿ ಗಡ್ಡೆ ಬಂದಿದೆ. ಒಂದು ಸಲ ಕೈಗೆ ತಾಗಿದರೆ ಏನೂ ಆಗುವುದಿಲ್ಲ ಬಿಡಿ. ದಿನಾ ತಾಗುವವರ ವಿಷಯ ಬೇರೆ.

ಈಗ ಡೀಸೆಲ್ ಕುಡಿದ ಗ್ಲೌಸಿನ ಪ್ರಶ್ನೆಗೆ ಬರೋಣ. ಮರದ ರಬ್ಬರೂ ಡೀಸೆಲ್ಲೂ ಎರಡೂ ಹೈಡ್ರೋಕಾರ್ಬನ್, ಒಂಥರಾ ನೆಂಟರು. ನೆಂಟರು ಬಂದರೆ ಬಾಗಿಲು ಹಾಕುವವರು ಯಾರು? ಡೀಸೆಲ್ ಒಳಗೆ ನುಗ್ಗುತ್ತದೆ, ರಬ್ಬರ್ ಉಬ್ಬುತ್ತದೆ, ಬಲ ಕಳೆದುಕೊಳ್ಳುತ್ತದೆ. ಇದಕ್ಕೆ ಉತ್ತರ ಸಿಕ್ಕಿದ್ದು 1930ರ ದಶಕದ ಜರ್ಮನಿಯಲ್ಲಿ. ಐ.ಜಿ. ಫಾರ್ಬೆನ್ ಕಂಪನಿಯ ರಸಾಯನ ವಿಜ್ಞಾನಿಗಳು ಬ್ಯುಟಾಡೈಯೀನ್ ಜೊತೆ ಅಕ್ರಿಲೋನೈಟ್ರೈಲ್ ಸೇರಿಸಿ ಹೊಸ ರಬ್ಬರ್ ಮಾಡಿದರು. ಅಕ್ರಿಲೋನೈಟ್ರೈಲಿನ ಗುಣ ಎಣ್ಣೆಗೆ ಆಗಿಬರುವುದಿಲ್ಲ, ಹಾಗಾಗಿ ಎಣ್ಣೆ ಸುಲಭವಾಗಿ ಒಳಗೆ ಬರುವುದಿಲ್ಲ. ಇದೇ ನೈಟ್ರೈಲ್ ರಬ್ಬರು.

ಇದು ಮೊದಲು ಹೋದದ್ದು ಎಲ್ಲಿಗೆ ಗೊತ್ತಾ? ಪೆಟ್ರೋಲ್ ಪೈಪಿಗೆ, ಆಯಿಲ್ ಸೀಲಿಗೆ, ಓ-ರಿಂಗಿಗೆ. ಅಂದರೆ ಗಾಡಿಗೆ. ದಪ್ಪ ನೈಟ್ರೈಲ್ ಗ್ಲೌಸುಗಳು ಆಮೇಲೆ ಕಾರ್ಖಾನೆಗಳಿಗೆ ಬಂದವು. ಆದರೆ ನಟ್ಟಿನ ತ್ರೆಡ್ ಬೆರಳಿಗೆ ಗೊತ್ತಾಗುವಷ್ಟು ತೆಳುವಾದ, ಹಾಕಿ ಎಸೆಯುವ ನೈಟ್ರೈಲ್ ಗ್ಲೌಸು ಬಂದದ್ದು 1990ರ ದಶಕದಲ್ಲಿ. ಅದೂ ಮೆಕ್ಯಾನಿಕ್ಕಿಗಾಗಿ ಅಲ್ಲ. ಏಡ್ಸ್ ಭಯದಿಂದ 1987ರ ಹೊತ್ತಿಗೆ ಅಮೆರಿಕದ ಆಸ್ಪತ್ರೆಗಳಲ್ಲಿ ಯಾವ ರೋಗಿಯ ರಕ್ತ, ದೇಹದ್ರವವನ್ನಾದರೂ ಗ್ಲೌಸು ಹಾಕಿಯೇ ಮುಟ್ಟುವ ಪದ್ಧತಿ ಬಂತು. ಲೇಟೆಕ್ಸ್ ಬಳಕೆ ವಿಪರೀತ ಏರಿತು, ಜೊತೆಗೆ ನರ್ಸುಗಳಿಗೆ ಲೇಟೆಕ್ಸ್ ಅಲರ್ಜಿಯೂ ಏರಿತು. ಬದಲಿ ಹುಡುಕಿದಾಗ ನೈಟ್ರೈಲ್ ಕಂಡಿತು. ಹಾಲ್‌ಸ್ಟೆಡ್ ಕಾಲದ ಹಾಗೆ ಮತ್ತೆ ನರ್ಸುಗಳ ಕೈ ಉರಿದು ಗ್ಲೌಸು ಬದಲಾಯಿತು. ಮೆಕ್ಯಾನಿಕ್ಕಿಗೆ ಅದು ಆಸ್ಪತ್ರೆ ಸುತ್ತಿಕೊಂಡು ಬಂತು. ಗಾಡಿಯ ಸೀಲಿಗೆ ಸಿಕ್ಕಿದ ರಕ್ಷಣೆ ಗಾಡಿ ಬಿಚ್ಚುವ ಬೆರಳಿಗೆ ಸಿಗಲು ಅರ್ಧ ಶತಮಾನ ಹಿಡಿಯಿತು.

ಗ್ಲೌಸಿನ ಪಟ್ಟಿಯ ಮೇಲೆ ಸುತ್ತಿಗೆಯ ಚಿತ್ರದ ಕೆಳಗೆ 4131X ಅಂತ ಏನೋ ಇರುತ್ತದಲ್ಲ, ಅದೂ ಒಂದು ಚರಿತ್ರೆಯೇ. ಅದು ಯುರೋಪಿನ ಇಎನ್ 388 ಮಾನದಂಡ, ಮೊದಲು ಬಂದದ್ದು 1994ರಲ್ಲಿ. ಮೊದಲ ಅಂಕಿ ಉಜ್ಜಾಟಕ್ಕೆ: 8000 ಸಲ ಉಜ್ಜಿದರೂ ತೂತು ಬೀಳದಿದ್ದರೆ 4. ಬಾಳಿಕೆ ಬೇಕಾದವರು ಇದನ್ನೇ ನೋಡಬೇಕು. ಆಮೇಲಿನವು ಕತ್ತರಿಸುವುದು, ಹರಿಯುವುದು, ಚುಚ್ಚುವುದು. ಕತ್ತರಿಸುವ ಪರೀಕ್ಷೆಗೆ ತಿರುಗುವ ದುಂಡು ಬ್ಲೇಡ್ ಬಳಸುತ್ತಿದ್ದರು. ಟೈರಿಗೆ ಬಲ ಕೊಡುವ ನೂಲು ಹುಡುಕುತ್ತಾ 1965ರಲ್ಲಿ ಡ್ಯುಪಾಂಟಿನ ಸ್ಟೆಫನಿ ಕ್ವೊಲೆಕ್ ಕಂಡುಹಿಡಿದ ಕೆವ್ಲಾರಿನಂಥ ಗಟ್ಟಿ ನೂಲಿನ ಮೇಲೆ ಆ ಬ್ಲೇಡೇ ಮೊಂಡಾಗಿ ಅಂಕಿ ಎಡವಟ್ಟಾಗುತ್ತಿತ್ತು. ಅದಕ್ಕೇ 2016ರಲ್ಲಿ ನೇರ ಬ್ಲೇಡಿನ ಇನ್ನೊಂದು ಪರೀಕ್ಷೆ ತಂದು ಕೊನೆಗೆ ಎ ಇಂದ ಎಫ್ ವರೆಗಿನ ಅಕ್ಷರ ಸೇರಿಸಿದರು. ಎಕ್ಸ್ ಅಂದರೆ ಆ ಪರೀಕ್ಷೆ ಮಾಡಿಲ್ಲ ಅಂತ. ಈ ಅಂಕಿಗಳಲ್ಲಿ ಎಣ್ಣೆಯ ಮಾತೇ ಇಲ್ಲ ಅನ್ನುವುದು ನೆನಪಿರಲಿ. ರಾಸಾಯನಿಕಕ್ಕೆ ಬೇರೆ ಮಾನದಂಡ, ಇಎನ್ 374.

ಇಷ್ಟೆಲ್ಲ ಓದಿದ ಮೇಲೆ ಎಲ್ಲಾ ಕೆಲಸಕ್ಕೂ ಒಂದೇ ಗ್ಲೌಸು ಸಿಗುವುದಿಲ್ಲ ಅಂತ ಗೊತ್ತಾಯಿತು. ಆಯಿಲ್, ಡೀಸೆಲ್ಲಿಗೆ ಸ್ವಲ್ಪ ದಪ್ಪನೆಯ ನೈಟ್ರೈಲ್. ಆದರೆ ಥಿನ್ನರ್, ಅಸಿಟೋನ್ ಅದನ್ನೂ ಕೆಡಿಸುತ್ತವೆ. ಬೋಲ್ಟು, ತಗಡಿನ ಅಂಚಿಗೆ ಅಂಗೈಗೆ ನೈಟ್ರೈಲ್ ಬಳಿದ ನೂಲಿನ ಗ್ಲೌಸು. ಅದರ ಹಿಂಬದಿ ಬರೀ ಬಟ್ಟೆ, ಆಯಿಲ್ ಇಳಿಯುತ್ತದೆ. ಒಳಗೆ ತೆಳು ಗ್ಲೌಸು ಇರಲಿ. ಬಿಸಿ ಸೈಲೆನ್ಸರಿಗೆ ಚರ್ಮದ್ದು. ತಿರುಗುವ ಬೆಲ್ಟು, ಫ್ಯಾನಿನ ಹತ್ತಿರ ಯಾವ ಗ್ಲೌಸೂ ಬೇಡ, ಬಟ್ಟೆ ಸಿಕ್ಕಿಕೊಂಡರೆ ಕೈಯನ್ನೂ ಎಳೆದುಕೊಂಡು ಹೋಗುತ್ತದೆ. ಮೊದಲು ಇಂಜಿನ್ ಆಫ್ ಮಾಡಿ.

ಎರಡು ಬಗೆಯವನ್ನು ಭಾವನಿಗೆ ಕಳಿಸಿದೆ. ಫೋನಿನಲ್ಲಿ, "ಕೈ ಕರಿ ಆಗದ ಮೆಕ್ಯಾನಿಕನ್ನ ಗಿರಾಕಿ ನಂಬ್ತಾರಾ ಮಾರಾಯ?" ಅಂದರು. ತಮಾಷೆ ಅಂದುಕೊಂಡೆ. ಆಮೇಲೆ ಯೋಚಿಸಿದರೆ ಅದು ಪೂರ್ತಿ ತಮಾಷೆಯಲ್ಲ. ಇಪ್ಪತ್ತು ವರ್ಷ ಆ ಕರಿ ಕೈಯೇ ಅವರ ಗ್ಯಾರೇಜಿನ ಬೋರ್ಡು.

ಈಗಲೂ ಆಯಿಲ್ ಬದಲಿಸುವಾಗ, ಸಾಮಾನು ತೊಳೆಯುವಾಗ ಮಾತ್ರ ಹಾಕುತ್ತಾರಂತೆ. ಚರ್ಮದ ಡಾಕ್ಟರ ಮುಲಾಮೂ ನಡೆಯುತ್ತಿದೆ. ಬಿರುಕು ಪೂರ್ತಿ ಕೂಡಿಲ್ಲ. ಮೊನ್ನೆ ಅಕ್ಕ ಫೋನ್ ಮಾಡಿದ್ದಳು: "ಡಬ್ಬಿ ಮುಗೀತು, ಇನ್ನೆರಡು ಕಳಿಸು. ಐಟಿಐ ಮಾಡಿ ಬಂದ ಹುಡುಗ ಉಂಟಲ್ಲ, ಅವನೂ ಹಾಕ್ತಾನೆ. ಎಲ್ ಸೈಜು ಅವನಿಗೆ ದೊಡ್ಡ ಆಗ್ತದೆ. ಒಂದು ಎಂ ಇರಲಿ."