ಈಜಿಪ್ಟಿನ ಪೌಂಡು

ನಾವು ಈಜಿಪ್ಟಿನ ಪೌಂಡು ಎಂದು ಕರೆಯುವ ಹಣಕ್ಕೆ ಆ ದೇಶದ ಜನರು ‘ಗಿನೇಹ್’ ಎನ್ನುತ್ತಾರೆ. ಇದು ಇಂಗ್ಲೆಂಡಿನ ಗಿನಿ ಎಂಬ ಹೆಸರಿನ ರೂಪಾಂತರ. ೧೬೬೩ರಲ್ಲಿ ಮೊದಲು ಅಚ್ಚಾದ ಆ ನಾಣ್ಯಕ್ಕಾದರೋ, ಪಶ್ಚಿಮ ಆಫ್ರಿಕದ ಗಿನಿ ತೀರದಿಂದ ಬಂದ ಚಿನ್ನವೇ ಹೆಸರನ್ನು ಕೊಟ್ಟಿತು. ಹೀಗೆ ಆಫ್ರಿಕದ ಹೆಸರು ಲಂಡನ್ನಿಗೆ ಹೋಗಿ ಆಫ್ರಿಕಕ್ಕೇ ಮರಳಿತು. ಹೆಸರು ಎರವಲಾದರೆ ಬಾಧಕವಿಲ್ಲ. ಹಣದ ಆಧಾರವೇ ಎರವಲಾದರೆ ಏನಾಗುವುದೆಂಬುದು ವಿಚಾರಾರ್ಹವಾದ ಸಂಗತಿ.

೧೮೩೪ರಲ್ಲಿ ಮಹಮ್ಮದ್ ಅಲಿ ಪಾಷಾ ಚಿನ್ನ ಬೆಳ್ಳಿಗಳೆರಡರ ಮೇಲೂ ನಿಂತ ನಾಣ್ಯಪದ್ಧತಿಯನ್ನು ಸ್ಥಾಪಿಸಿದನು. ಅವನ ಮೊಮ್ಮಗ ಇಸ್ಮಾಯಿಲನ ಕಾಲಕ್ಕೆ ರಾಜ್ಯವು ಸಾಲದಲ್ಲಿ ಮುಳುಗಿತು. ೧೮೭೫ರಲ್ಲಿ ಸೂಯೆಜ್ ಕಾಲುವೆಯ ಅವನ ಪಾಲುಗಳು ಸುಮಾರು ೪೦ ಲಕ್ಷ ಪೌಂಡಿಗೆ ಬ್ರಿಟಿಷ್ ಸರ್ಕಾರದ ಕೈಸೇರಿದುವು. ೧೮೮೨ರಲ್ಲಿ ದೇಶವೇ ಬ್ರಿಟಿಷ್ ಸೇನೆಯ ವಶವಾಯಿತು. ೧೮೮೫ರ ಶಾಸನವು ಈಜಿಪ್ಟಿನ ಪೌಂಡಿಗೆ ೭.೪೩೭೫ ಗ್ರಾಂ ಅಪ್ಪಟ ಚಿನ್ನವನ್ನು ಗೊತ್ತುಮಾಡಿ, ಅದನ್ನು ೧೦೦ ಪಿಯಾಸ್ಟರುಗಳಾಗಿ ವಿಭಾಗಿಸಿತು. ಆದರೂ ವ್ಯವಹಾರದಲ್ಲಿ ಮುಖ್ಯವಾದ ಚಿನ್ನದ ನಾಣ್ಯವೆಂದರೆ ೯೭½ ಪಿಯಾಸ್ಟರು ಬೆಲೆಯ ಇಂಗ್ಲಿಷ್ ಸವರನ್ನೇ.

೧೮೯೮ರಲ್ಲಿ ಸ್ಥಾಪಿತವಾದ ನ್ಯಾಷನಲ್ ಬ್ಯಾಂಕ್ ಆಫ್ ಈಜಿಪ್ಟ್ ಮರುವರ್ಷ ನೋಟುಗಳನ್ನು ಹೊರಡಿಸಿತು. ೧೯೧೪ರಲ್ಲಿ ಮಹಾಯುದ್ಧ ಮೊದಲಾಗಲು, ನೋಟಿಗೆ ಚಿನ್ನ ಕೊಡುವ ಪದ್ಧತಿ ನಿಂತಿತು. ೧೯೧೬ರಿಂದ ಚಿನ್ನದ ಸ್ಥಾನದಲ್ಲಿ ಬ್ರಿಟಿಷ್ ಖಜಾನೆಯ ಹುಂಡಿಗಳು ಬಂದುವು. ಇದರ ಅರ್ಥವು ಸರಳ. ಬ್ರಿಟಿಷ್ ಸೈನ್ಯವು ಈಜಿಪ್ಟಿನಲ್ಲಿ ಸಾಮಗ್ರಿ ಕೊಂಡಿತೆಂದರೆ ಲಂಡನ್ನಿನಲ್ಲಿ ಹುಂಡಿಯೂ ಕೈರೋದಲ್ಲಿ ನೋಟೂ ಹುಟ್ಟುತ್ತಿದ್ದುವು. ಸಾಮಗ್ರಿ ಸೈನ್ಯದ ಪಾಲಾಗುತ್ತಿತ್ತು. ನೋಟು ಪೇಟೆಯಲ್ಲಿ ಉಳಿದು ಬೆಲೆಗಳನ್ನು ಏರಿಸುತ್ತಿತ್ತು. ಎರಡನೆಯ ಮಹಾಯುದ್ಧದಲ್ಲಿಯೂ ಇದೇ ನಡೆಯಿತು. ಯುದ್ಧ ಮುಗಿದಾಗ ಲಂಡನ್ನಿನಿಂದ ಈಜಿಪ್ಟಿಗೆ ಬರಬೇಕಾಗಿದ್ದ ಸ್ಟರ್ಲಿಂಗ್ ಬಾಕಿ ಸುಮಾರು ೪೦ ಕೋಟಿ ಪೌಂಡು! ಅದನ್ನು ಇಷ್ಟಬಂದಂತೆ ತೆಗೆದು ವೆಚ್ಚಮಾಡುವ ಸ್ವಾತಂತ್ರ್ಯ ಮಾತ್ರ ಇರಲಿಲ್ಲ. ನಮ್ಮ ದೇಶದ ಸ್ಟರ್ಲಿಂಗ್ ನಿಧಿಯೂ ಹೀಗೆಯೇ ಬೆಳೆದದ್ದು. ಆದ್ದರಿಂದ ಈ ಕಥೆ ನಮಗೆ ಅಪರಿಚಿತವಲ್ಲ.

೧೯೪೭ರ ಜುಲೈ ತಿಂಗಳಲ್ಲಿ ಈಜಿಪ್ಟು ಸ್ಟರ್ಲಿಂಗ್ ವಲಯವನ್ನು ತೊರೆಯಿತು. ೧೯೬೧ರಲ್ಲಿ ಅದರ ಕೇಂದ್ರ ಬ್ಯಾಂಕು ಪ್ರತ್ಯೇಕವಾಗಿ ಕಾರ್ಯಾರಂಭ ಮಾಡಿತು. ಇಷ್ಟರಿಂದ ಕಷ್ಟ ಮುಗಿಯಿತೆಂದಲ್ಲ. ೨೦೧೬ರ ನವೆಂಬರಿನ ಮೊದಲು ಸುಮಾರು ೯ ಪೌಂಡಿಗೆ ದೊರೆಯುತ್ತಿದ್ದ ಡಾಲರಿಗೆ ೨೦೨೪ರ ಮಾರ್ಚಿಯಲ್ಲಿ ೫೦ ಪೌಂಡಿನವರೆಗೂ ಕೊಡಬೇಕಾಯಿತು. ಹಣದ ಮೇಲೆ ಸ್ವಂತ ಮುದ್ರೆಯೊತ್ತುವ ಅಧಿಕಾರವನ್ನು ಒಂದು ಒಪ್ಪಂದದಿಂದ ಪಡೆಯಬಹುದು. ಅದರ ಬೆಲೆಯನ್ನಾದರೋ ದುಡಿಮೆಯಿಂದಲೂ ಮಿತವ್ಯಯದಿಂದಲೂ ಪ್ರತಿದಿನ ಗಳಿಸಬೇಕು.